ಎಳೆಯರ ಪಾಠಶಾಲೆಯಲ್ಲಿ ಭಯಕ್ಕೆ ಸ್ಥಾನವುಂಟೆ?

ಜೂನ್ ತಿಂಗಳು ಸಮೀಪಿಸಿತೆಂದರೆ ಮುಂಬಯಿ, ಪುಣೆಗಳಲ್ಲಿ ನೆಲೆಸಿರುವ ನಮ್ಮವರ ಮನೆಗಳಲ್ಲಿ ಒಂದು ಬಗೆಯ ಸಡಗರವೂ ಅದರ ಬೆನ್ನಿಗೇ ಒಂದು ಬಗೆಯ ತಳಮಳವೂ ತಲೆದೋರುತ್ತವೆ. ಮೂರು ವರ್ಷ ತುಂಬಿದ ಕೂಸಿಗೆ ಸಮವಸ್ತ್ರ ಹೊಲಿಸಬೇಕು, ಹೆಗಲಿಗೆ ಚೀಲ ಬೇಕು, ನೀರಿನ ಬಾಟಲಿ ಬೇಕು, ತಿಂಡಿಯ ಡಬ್ಬಿ ಬೇಕು. ಶಾಲೆ ಎಷ್ಟು ದೂರ, ಶುಲ್ಕವೆಷ್ಟು, ಯಾವ ಬೋರ್ಡಿನ ಪಠ್ಯಕ್ರಮ, ಬಸ್ಸಿನ ವ್ಯವಸ್ಥೆಯುಂಟೆ ಎಂಬುದನ್ನೆಲ್ಲ ತಾಯಿತಂದೆಗಳು ಕೂಲಂಕಷವಾಗಿ ವಿಚಾರಿಸಿರುತ್ತಾರೆ. ವಿಚಾರಿಸದೆ ಉಳಿಯುವ ಪ್ರಶ್ನೆ ಒಂದೇ. ಆ ಕೋಣೆಯೊಳಗೆ ಮಗು ಅಂಜಿಕೊಂಡು ಕುಳಿತಿರುತ್ತದೆಯೋ, ನಿರ್ಭಯವಾಗಿ ಕುಳಿತಿರುತ್ತದೆಯೋ? ಯಾರಾದರೊಬ್ಬರು ಈ ಮಾತನ್ನು ಎತ್ತಿದರೂ ಮನೆಯ ಹಿರಿಯರು, "ಸ್ವಲ್ಪ ಅಂಜಿಕೆ ಇರಲಿ ಬಿಡಪ್ಪಾ, ಅಂಜಿಕೆ ಇಲ್ಲದೆ ವಿದ್ಯೆ ಬಂದೀತೆ?" ಎಂದು ಅದನ್ನು ಅಲ್ಲಿಗೇ ಮುಗಿಸಿಬಿಡುತ್ತಾರೆ.

ಭಯವು ವಿದ್ಯೆಗೆ ಸಾಧನವೇ ಎಂಬುದು ಹಾಗೆ ಮುಗಿಸಿಬಿಡಬಹುದಾದ ಪ್ರಶ್ನೆಯಲ್ಲವೆಂದು ನಾವು ಭಾವಿಸುತ್ತೇವೆ.

ಹಿಂದಿನ ಕೂಲಿಮಠಗಳ ಕಥೆಗಳನ್ನು ನಮ್ಮ ಅಜ್ಜಂದಿರ ಬಾಯಿಯಿಂದ ಕೇಳದವರು ವಿರಳ. ತೊಲೆಗೆ ಹಗ್ಗ ಕಟ್ಟಿ ಜೋತುಬೀಳಿಸುವ ಕೋದಂಡ, ಲೆಕ್ಕವಿಲ್ಲದಷ್ಟು ಬಸ್ಕಿ, ಬೆರಳ ಗೆಣ್ಣಿನ ಮೇಲೆ ಬೀಳುವ ಛಡಿ, ಕಿವಿ ಕೆಂಪೇರುವಂತೆ ಹಿಂಡುವ ಐಗಳ ಕೈ ಇವೆಲ್ಲ ಆ ಕಥೆಗಳಲ್ಲಿ ಬರುತ್ತವೆ. ಛಡಿಯ ಸದ್ದಿಗೂ ವಿದ್ಯೆಯ ಬರವಿಗೂ ಪ್ರಾಸ ಕೂಡಿಸಿದ ಮಾತು ಮರಾಠಿಯಲ್ಲಿಯೂ ಉಂಟು, ಉತ್ತರ ಕರ್ನಾಟಕದ ನಮ್ಮವರ ಬಾಯಲ್ಲಿಯೂ ಉಂಟು. ಹೇಳುವಾಗ ಅಜ್ಜಂದಿರ ಮುಖದಲ್ಲಿ ನಗೆ ಇರುತ್ತದೆ. ಆ ಏಟುಗಳಿಂದಲೇ ತಾವು ಮನುಷ್ಯರಾದೆವೆಂಬ ಕೃತಜ್ಞತೆಯೂ ಇರುತ್ತದೆ. ಆ ಕೃತಜ್ಞತೆಯನ್ನು ಅಲ್ಲಗಳೆಯುವುದು ನಮ್ಮ ಉದ್ದೇಶವಲ್ಲ. ಆದರೆ ಇದನ್ನು ವಾದವೆಂದು ಮುಂದಿಟ್ಟಾಗ ಅದರಲ್ಲಿ ಒಂದು ದೋಷವಿರುವುದನ್ನು ತೋರಿಸಲೇಬೇಕಾಗುತ್ತದೆ. ಏಟು ತಿಂದು ವಿದ್ಯಾವಂತರಾದವರು ತಮ್ಮ ಕಥೆಯನ್ನು ಹೇಳಲು ಉಳಿದರು. ಏಟಿಗೆ ಹೆದರಿ ಎರಡನೆಯ ಇಯತ್ತೆಯಲ್ಲಿಯೇ ಪಾಟಿ ಬಳಪ ಬಿಸುಟು ದನಗಳ ಹಿಂದೆ ಹೋದವರು, ಕಲಿಯಬಲ್ಲವರಾಗಿದ್ದೂ ತಮ್ಮ ತಲೆಗೆ ಅಕ್ಷರ ಹತ್ತದೆಂದು ಜೀವಮಾನವೆಲ್ಲ ನಂಬಿ ಬಾಳಿದವರು, ಯಾವ ಮೊಮ್ಮಗನಿಗೂ ತಮ್ಮ ಕಥೆಯನ್ನು ಹೇಳಲಿಲ್ಲ. ಅನ್ವಯವನ್ನು ಮಾತ್ರ ಎಣಿಸಿ ವ್ಯತಿರೇಕವನ್ನು ಎಣಿಸದ ಅನುಮಾನ ಅನುಮಾನವಲ್ಲವೆಂದು ತರ್ಕದ ಮೊದಲ ಪಾಠವನ್ನು ಓದಿದವರೂ ಬಲ್ಲರು.

ಇನ್ನು ಶಾಸ್ತ್ರದ ಆಧಾರವೆಂದು ಎಲ್ಲರೂ ಉದ್ಧರಿಸುವ ಒಂದು ನೀತಿಶ್ಲೋಕವಿದೆ. ಮಗುವನ್ನು ಐದು ವರ್ಷ ಲಾಲಿಸಬೇಕು, ಮುಂದೆ ಹತ್ತು ವರ್ಷ ತಾಡಿಸಬೇಕು, ಹದಿನಾರು ತುಂಬಿದ ಬಳಿಕ ಮಿತ್ರನಂತೆ ಕಾಣಬೇಕು ಎಂಬುದು ಅದರ ತಾತ್ಪರ್ಯ. ಶಾಲೆಯ ಕಟ್ಟುನಿಟ್ಟನ್ನು ಸಮರ್ಥಿಸುವವರೆಲ್ಲ ಇದರ ಎರಡನೆಯ ಪಾದಕ್ಕೆ ಜೋತುಬೀಳುತ್ತಾರೆಯೇ ಹೊರತು ಮೊದಲನೆಯ ಪಾದದ ಲೆಕ್ಕವನ್ನು ಮಾಡುವುದಿಲ್ಲ. ನರ್ಸರಿ, ಶಿಶುವರ್ಗ, ಬಾಲವಾಡಿಗಳಲ್ಲಿ ಕೂಡುವ ಮಕ್ಕಳ ವಯಸ್ಸು ಮೂರರಿಂದ ಐದು. ಆ ಶ್ಲೋಕದ ಪ್ರಕಾರವೇ ಅದು ಕೇವಲ ಲಾಲನೆಯ ಕಾಲ. ಹೀಗಿರುವಲ್ಲಿ ನಾಲ್ಕು ವರ್ಷದ ಮಗುವನ್ನು ಮೂಲೆಯಲ್ಲಿ ನಿಲ್ಲಿಸುವ ಶಿಕ್ಷಕಿಯ ಪರವಾಗಿ ಈ ಶ್ಲೋಕವನ್ನು ಹೇಳಿದರೆ ಶ್ಲೋಕವೇ ವಿರೋಧಿಸುತ್ತದೆ.

ಐದರ ಮೇಲಿನವರ ಮಾತೇನು ಎಂದು ಕೇಳಬಹುದು. ತಾಡನವೆಂದರೆ ಇಲ್ಲಿ ಹೊಡೆತವಲ್ಲ, ಬುದ್ಧಿವಾದ ಮಾತ್ರ ಎಂದು ಅರ್ಥವನ್ನು ತಿರುಚಲು ನಮಗೆ ಇಷ್ಟವಿಲ್ಲ. ಶ್ಲೋಕ ಹೊಡೆಯಬೇಕೆಂದೇ ಹೇಳುತ್ತದೆ. ಮನುವೂ ಪುತ್ರನನ್ನೂ ಶಿಷ್ಯನನ್ನೂ ಶಿಕ್ಷಣಕ್ಕಾಗಿ ಹೊಡೆಯಲು ಅವಕಾಶ ಕೊಡುತ್ತಾನೆ. ಹಗ್ಗದಿಂದಾಗಲಿ ಬಿದಿರ ಸೀಳಿನಿಂದಾಗಲಿ ಬೆನ್ನಿನ ಮೇಲೆ ಮಾತ್ರ, ತಲೆಯ ಮೇಲೆ ಎಂದಿಗೂ ಕೂಡದು ಎಂದು ಮಿತಿಯನ್ನೂ ಹಾಕುತ್ತಾನೆ. ಆದರೆ ಅದೇ ಗ್ರಂಥದ ಎರಡನೆಯ ಅಧ್ಯಾಯದಲ್ಲಿ, ಪ್ರಾಣಿಗಳಿಗೆ ಶ್ರೇಯಸ್ಸನ್ನು ಉಪದೇಶಿಸುವುದು ಅಹಿಂಸೆಯಿಂದಲೇ ಆಗಬೇಕು, ಧರ್ಮವನ್ನು ಬಯಸುವವನು ಮಧುರವೂ ನಯವೂ ಆದ ಮಾತನ್ನೇ ಬಳಸಬೇಕು ಎಂಬ ವಿಧಾನವೂ ಇದೆ. ಒಂದು ಆದರ್ಶ, ಇನ್ನೊಂದು ಕೈಮೀರಿದಾಗಿನ ಅನುಮತಿ. ಅನುಮತಿಯನ್ನೇ ಆದರ್ಶವೆಂದು ಹಿಡಿದವರು ನಾವು. ಮೇಲಾಗಿ ನೀತಿಶ್ಲೋಕಗಳು ಲೌಕಿಕವಾದ ಅನುಭವದ ಸಾರ, ಅಪೌರುಷೇಯ ವಾಕ್ಯಗಳಲ್ಲ. ಲೋಕಾನುಭವದಿಂದ ಹುಟ್ಟಿದ್ದನ್ನು ಲೋಕಾನುಭವದಿಂದಲೇ ಪರೀಕ್ಷಿಸಬಹುದು. ಪ್ರತ್ಯಕ್ಷವನ್ನು ಮಿಥ್ಯೆಯೆಂದು ತಳ್ಳಿಹಾಕದ ಸಿದ್ಧಾಂತದಲ್ಲಿ ಬೆಳೆದವರಿಗೆ, ಹೆದರಿದ ಮಗುವಿನ ಕಣ್ಣಿನಲ್ಲಿ ಕಾಣುವುದೂ ಒಂದು ಪ್ರಮಾಣವೇ ಅಲ್ಲವೆ?

ಈ ವಿಷಯದಲ್ಲಿ ನಮಗೆ ಅತ್ಯಂತ ಬೆಳಕು ನೀಡಿದ ಸಂದರ್ಭವು ಶ್ರೀಮದ್ಭಾಗವತದ ಸಪ್ತಮ ಸ್ಕಂಧದ ಐದನೆಯ ಅಧ್ಯಾಯದಲ್ಲಿದೆ. ಪ್ರಹ್ಲಾದರಾಜರ ಕಥೆಯನ್ನು ಅರಿಯದವರು ನಮ್ಮಲ್ಲಿ ಯಾರಿದ್ದಾರೆ? ಆದರೆ ಆ ಕಥೆಯಲ್ಲಿ ಒಂದು ಪಾಠಶಾಲೆಯೂ ಇದೆ ಎಂಬುದನ್ನು ನಾವು ಸಾಮಾನ್ಯವಾಗಿ ಗಮನಿಸುವುದಿಲ್ಲ. ಶುಕ್ರಾಚಾರ್ಯರ ಮಕ್ಕಳಾದ ಶಂಡ ಮತ್ತು ಅಮರ್ಕರು ಅಲ್ಲಿಯ ಉಪಾಧ್ಯಾಯರು. ಹುಡುಗನ ಬುದ್ಧಿ ಕೆಟ್ಟಿದೆಯೆಂಬ ರಾಜನ ಆಕ್ಷೇಪ ಬಂದೊಡನೆ ಅವರು ಮೊದಲು ಅವನನ್ನು ಮನೆಗೆ ಕರೆದೊಯ್ದು ಮೃದುವಾಗಿಯೇ ಮಾತನಾಡಿಸುತ್ತಾರೆ. 'ವತ್ಸ, ನಿನಗೆ ಮಂಗಳವಾಗಲಿ, ಸುಳ್ಳು ಹೇಳಬೇಡ' ಎಂಬ ಧಾಟಿಯಲ್ಲಿ ಹೊಗಳುತ್ತ ಕೇಳುತ್ತಾರೆ. ಮಗು ನಿಜವನ್ನು ಹೇಳಿದ ಮರುಗಳಿಗೆಯಲ್ಲಿಯೇ 'ತನ್ನಿರೋ ಬೆತ್ತವನ್ನು' ಎಂಬ ಕೂಗು ಏಳುತ್ತದೆ; ಇವನಿಗೆ ನಾಲ್ಕನೆಯ ಉಪಾಯವಾದ ದಂಡವೇ ತಕ್ಕದ್ದು ಎನ್ನುತ್ತಾರೆ. ನಿಜ ಹೇಳೆಂದು ಕೇಳಿ, ನಿಜ ಹೇಳಿದ್ದಕ್ಕೆ ಬೆತ್ತ! ಮಗುವಿಗೆ ಸುಳ್ಳನ್ನು ಕಲಿಸಲು ಇದಕ್ಕಿಂತ ಸಮರ್ಥವಾದ ಪಾಠಕ್ರಮ ಇನ್ನೊಂದಿಲ್ಲ. ಪ್ರಹ್ಲಾದನಾದುದರಿಂದ ಅವನು ಕಲಿಯಲಿಲ್ಲ. ಸಾಮಾನ್ಯ ಮಗುವಾಗಿದ್ದರೆ ಎರಡನೆಯ ಸಲ ಕೇಳುವಷ್ಟರಲ್ಲಿ ಕಲಿತಿರುತ್ತಿತ್ತು.

ಅದೇ ಅಧ್ಯಾಯದ ಕಡೆಯಲ್ಲಿ ಇನ್ನೊಂದು ತರಗತಿ ನಡೆಯುತ್ತದೆ. ಉಪಾಧ್ಯಾಯರು ಮನೆಗೆಲಸದ ನಿಮಿತ್ತ ಹೊರಗೆ ಹೋಗಿದ್ದಾರೆ. ಓರಗೆಯ ಹುಡುಗರು ಆಟಕ್ಕೆ ಕರೆಯುತ್ತಾರೆ. ಪ್ರಹ್ಲಾದನು ಅವರನ್ನು ನಯವಾದ ಮಾತಿನಿಂದ ತನ್ನ ಬಳಿಗೆ ಕರೆದು, ಕರುಣೆಯಿಂದ, ನಗುನಗುತ್ತ ಮಾತನಾಡತೊಡಗುತ್ತಾನೆ. ಹುಡುಗರು ಆಟಿಕೆಗಳನ್ನು ತಾವಾಗಿಯೇ ಬಿಟ್ಟು, ಸುತ್ತಲೂ ಕುಳಿತು, ಹೃದಯವನ್ನೂ ದೃಷ್ಟಿಯನ್ನೂ ಅವನಲ್ಲಿಯೇ ನೆಟ್ಟರು ಎಂದು ನಾರದಮುನಿಗಳ ವರ್ಣನೆ. ಅಲ್ಲಿ ಬೆತ್ತವಿಲ್ಲ, ಹಾಜರಿ ಪಟ್ಟಿಯಿಲ್ಲ, ಬಹುಮಾನವಿಲ್ಲ. ಅಸುರರ ಮಕ್ಕಳೆಂಬ ತಿರಸ್ಕಾರವೂ ಇಲ್ಲ. ಕಟ್ಟಡವೂ ಒಂದೇ, ವಿದ್ಯಾರ್ಥಿಗಳೂ ಅವರೇ. ಬೇರೆಯಾದದ್ದು ಆ ಕೋಣೆಯ ಗಾಳಿ ಮಾತ್ರ.

ಈ ಪ್ರಸಂಗದಲ್ಲಿ ನಮ್ಮ ನಗರಗಳ ಶಾಲೆಗಳು ಗಮನಿಸಬೇಕಾದ ಮತ್ತೊಂದು ಸೂಕ್ಷ್ಮವಿದೆ. ಶಂಡಾಮರ್ಕರ ಸವಿಮಾತು ಸವಿಮಾತಾಗಿರಲಿಲ್ಲ. ಸಾಮ, ದಾನ, ಭೇದ, ದಂಡಗಳೆಂಬ ರಾಜನೀತಿಯ ಮೊದಲ ಮೆಟ್ಟಿಲಾಗಿತ್ತು. ಶತ್ರುವನ್ನು ಗೆಲ್ಲಲು ಹೇಳಿದ ನಾಲ್ಕು ಉಪಾಯಗಳನ್ನು ಶಿಶುವಿನ ಮೇಲೆ ಪ್ರಯೋಗಿಸಿದರು. ಇಂದಿನ ಒಳ್ಳೆಯ ಹೆಸರಿನ ಶಾಲೆಗಳಲ್ಲಿ ದಂಡವು ಬಹುಮಟ್ಟಿಗೆ ಮರೆಯಾಗಿದೆ, ಸಂತೋಷ. ಉಳಿದ ಮೂರು ಎಲ್ಲಿ ಹೋದವು? ಸುಮ್ಮನೆ ಕುಳಿತ ಮಗುವಿನ ಹಣೆಗೂ ಪುಸ್ತಕಕ್ಕೂ ಅಂಟಿಸುವ ನಕ್ಷತ್ರದ ಸ್ಟಿಕರು ದಾನ. 'ನೋಡು, ಅವಳು ಎಷ್ಟು ಚೆನ್ನಾಗಿ ಬರೆದಿದ್ದಾಳೆ, ನೀನು?' ಎಂಬ ಮಾತು ಭೇದ. 'ನೀನು ಜಾಣನಲ್ಲವೆ, ಹಾಗಾದರೆ ಬಾಯಿ ಮುಚ್ಚಿಕೊಂಡಿರು' ಎಂಬ ಬೆಣ್ಣೆಮಾತು ಸಾಮ. ಇವು ನೋಯಿಸುವುದಿಲ್ಲವೆಂದು ತೋರಬಹುದು. ಆದರೆ ನಕ್ಷತ್ರ ಸಿಕ್ಕದ ದಿನ ಮಗು ಮನೆಗೆ ಬಂದು ಊಟ ಬಿಟ್ಟದ್ದನ್ನು ಕಂಡ ತಾಯಂದಿರಿಗೆ ಗೊತ್ತು, ಬೆತ್ತ ಗೋಡೆಯಿಂದ ಇಳಿದು ಎಲ್ಲಿ ಕುಳಿತಿದೆ ಎಂಬುದು.

ಹಾಗಾದರೆ ನಾಲ್ಕೂ ಉಪಾಯಗಳಿಲ್ಲದೆ ಮಕ್ಕಳನ್ನು ಕೂರಿಸಿ ಕಲಿಸಿದವರುಂಟೆ ಎಂಬ ಪ್ರಶ್ನೆಗೆ ಪುರಾಣದಿಂದ ಮಾತ್ರ ಉತ್ತರ ಹೇಳಿದರೆ ಸಾಲದು. ನಮ್ಮವರು ನೆಲೆಸಿರುವ ಪಶ್ಚಿಮ ಭಾರತದಲ್ಲಿಯೇ ಅದಕ್ಕೆ ನಿದರ್ಶನವಿದೆ. ಗಿಜುಭಾಯಿ ಬಧೇಕಾ ಎಂಬವರು ೧೮೮೫ರಲ್ಲಿ ಸೌರಾಷ್ಟ್ರದಲ್ಲಿ ಜನಿಸಿದವರು, ವೃತ್ತಿಯಿಂದ ವಕೀಲರು. ಮಗ ಹುಟ್ಟಿದ ಮೇಲೆ ಅವನನ್ನು ಹೇಗೆ ಬೆಳೆಸಬೇಕೆಂಬ ಚಿಂತೆ ಅವರನ್ನು ಹಿಡಿಯಿತು. ಆ ಚಿಂತೆಯಲ್ಲಿ ಇಟಲಿಯ ಮಾರಿಯಾ ಮಾಂಟೆಸ್ಸೊರಿಯವರ ಗ್ರಂಥಗಳನ್ನು ಓದಿದರು. ೧೯೧೬ರಲ್ಲಿ ವಕೀಲಿ ಬಿಟ್ಟು ಭಾವನಗರದಲ್ಲಿ ನಾನಾಭಾಯಿ ಭಟ್ಟರು ಸ್ಥಾಪಿಸಿದ್ದ ದಕ್ಷಿಣಾಮೂರ್ತಿ ಸಂಸ್ಥೆಯನ್ನು ಸೇರಿದರು. ೧೯೨೦ರಲ್ಲಿ ಅಲ್ಲಿ ಬಾಲಮಂದಿರವನ್ನು ತೆರೆದರು. ದೊಡ್ಡ ಮೀಸೆಯ ಆ ಮನುಷ್ಯನನ್ನು ಗುಜರಾತಿನ ಜನ 'ಮೀಸೆಯುಳ್ಳ ತಾಯಿ' ಎಂದು ಕರೆದರು. ಇದಕ್ಕಿಂತ ದೊಡ್ಡ ಬಿರುದನ್ನು ಯಾವ ವಿಶ್ವವಿದ್ಯಾಲಯವೂ ಶಿಕ್ಷಕನಿಗೆ ಕೊಡಲಾರದು. ಶಿಕ್ಷೆಯನ್ನು ಮಾತ್ರವಲ್ಲ, ಬಹುಮಾನವನ್ನೂ ಸ್ಪರ್ಧೆಯನ್ನೂ ಅವರು ಬಾಲಮಂದಿರದಿಂದ ಹೊರಗಿಟ್ಟರು. ದಂಡವೂ ದಾನವೂ ಒಂದೇ ನಾಣ್ಯವೆಂದು ಅವರು ಕಂಡುಕೊಂಡಿದ್ದರು.

ಅವರ 'ದಿವಾಸ್ವಪ್ನ' ಎಂಬ ಚಿಕ್ಕ ಪುಸ್ತಕ ಹಿಂದಿ, ಇಂಗ್ಲಿಷುಗಳಲ್ಲಿಯೂ ದೊರೆಯುತ್ತದೆ. ಶಾಲೆಗೆ ಹೋಗುವ ಮಕ್ಕಳಿರುವ ಮನೆಯಲ್ಲಿ ಇರತಕ್ಕ ಗ್ರಂಥ. ಅದು ಕಲ್ಪಿತ ಕಥೆ. ಒಬ್ಬ ಶಿಕ್ಷಕನು ಅಧಿಕಾರಿಯ ಅಪ್ಪಣೆ ಪಡೆದು ನಾಲ್ಕನೆಯ ಇಯತ್ತೆಯ ಮೇಲೆ ಒಂದು ವರ್ಷ ಪ್ರಯೋಗ ನಡೆಸುತ್ತಾನೆ. ನಮಗೆ ಬಹಳ ಮೆಚ್ಚಿಕೆಯಾದದ್ದು ಅದರ ಮೊದಲ ದಿನ. ಪುಸ್ತಕಗಳಲ್ಲಿ ಓದಿದಂತೆ ಆತ ಮಕ್ಕಳಿಗೆ ಮೌನದ ಆಟವನ್ನು ಹೇಳಿಕೊಡಲು ಹೋಗುತ್ತಾನೆ. ಕಿಟಕಿ ಬಾಗಿಲು ಮುಚ್ಚಿ, ಶಾಂತವಾಗಿರಿ ಎನ್ನುತ್ತಾನೆ. ಮಕ್ಕಳು ಗದ್ದಲವೆಬ್ಬಿಸಿ, ಬಗೆಬಗೆಯ ಕೂಗು ಹಾಕಿ ಅವನ ಪ್ರಯೋಗವನ್ನು ಮಣ್ಣುಗೂಡಿಸುತ್ತಾರೆ. ಸುಧಾರಣೆಯ ಪುಸ್ತಕವೊಂದು ಸೋಲಿನಿಂದ ಆರಂಭವಾಗುವುದು ಅಪೂರ್ವ. ಮರುದಿನ ಆತ ಬೆತ್ತವನ್ನು ತರುವುದಿಲ್ಲ, ಮೌನವನ್ನೂ ಕೇಳುವುದಿಲ್ಲ. ಕಥೆ ಹೇಳಲು ಕುಳಿತುಕೊಳ್ಳುತ್ತಾನೆ. ನಿನ್ನೆ ಕೂಗಿದ ಕೊರಳುಗಳೆಲ್ಲ ಇಂದು ತಾವಾಗಿಯೇ ಸುಮ್ಮನಾಗುತ್ತವೆ. ಕಥೆಯಿಂದ ಸಾಲಾಗಿ ಕೂಡುವುದು, ಕಥೆಯಿಂದ ಪುಸ್ತಕದ ಆಸೆ, ಆಸೆಯಿಂದ ತರಗತಿಯಲ್ಲೊಂದು ಪುಟ್ಟ ಗ್ರಂಥಾಲಯ, ನಡುನಡುವೆ ಉಗುರು ಕೂದಲುಗಳ ಶುಚಿ, ಆಟ, ನಾಟಕ ಹೀಗೆ ವರ್ಷ ಸಾಗುತ್ತದೆ. ಸಹೋದ್ಯೋಗಿಗಳು ನಗುತ್ತಾರೆ, ಪಠ್ಯಕ್ರಮ ಯಾವಾಗ ಮುಗಿಯುವುದೆಂದು ಕೇಳುತ್ತಾರೆ. ಇಂದಿಗೂ ಆ ಪ್ರಶ್ನೆ ಬದಲಾಗಿಲ್ಲ.

ಇದರಿಂದ ಒಂದು ಮಾತು ಸ್ಪಷ್ಟವಾಗುತ್ತದೆ. ಭಯವನ್ನು ತೆಗೆದುಹಾಕಿದರೆ ಶಿಸ್ತು ಹೋಗುವುದಿಲ್ಲ. ಭಯ ಹೋದ ಜಾಗದಲ್ಲಿ ಇಡಲು ಶಿಕ್ಷಕನ ಬಳಿ ಏನೂ ಇಲ್ಲದಿದ್ದರೆ ಮಾತ್ರ ಶಿಸ್ತು ಹೋಗುತ್ತದೆ.

ಗಿಜುಭಾಯಿಯವರ ಜೊತೆಗೂಡಿ ದುಡಿದ ತಾರಾಬಾಯಿ ಮೋಡಕರ ಹೆಸರು ಮುಂಬಯಿಯ ಹಳೆಯ ನಿವಾಸಿಗಳಿಗೆ ಅಪರಿಚಿತವಲ್ಲ. ೧೯೨೩ರಲ್ಲಿ ಅವರು ಭಾವನಗರಕ್ಕೆ ಹೋದರು. ೧೯೨೬ರಲ್ಲಿ ನೂತನ ಬಾಲಶಿಕ್ಷಣ ಸಂಘ ಸ್ಥಾಪನೆಯಾಯಿತು. ಮುಂದೆ ದಾದರಿನಲ್ಲಿ ಅವರ ಶಿಶುವಿಹಾರ ನಡೆಯಿತು. ಆದರೆ ಪಟ್ಟಣದ ಅನುಕೂಲಸ್ಥರ ಮಕ್ಕಳಿಗಷ್ಟೇ ಈ ವಿದ್ಯೆ ಸಾಕೆ ಎಂಬ ಸಂಕಟ ಅವರನ್ನು ಬಿಡಲಿಲ್ಲ. ೧೯೪೫ರಲ್ಲಿ ಸಮುದ್ರತೀರದ ಬೋರ್ಡಿ ಎಂಬ ಹಳ್ಳಿಗೂ ೧೯೫೭ರಲ್ಲಿ ಡಹಾಣೂ ಬಳಿಯ ಕೋಸಬಾಡದ ಗುಡ್ಡಕ್ಕೂ ಅವರು ಕೆಲಸವನ್ನು ಒಯ್ದರು. ಅನುತಾಯಿ ವಾಘ್ ಅವರ ಬಲಗೈಯಾದರು. ಅಹಮದಾಬಾದಿನ ರೈಲಿನಲ್ಲಿ ಹೋಗುವವರು ಇಂದಿಗೂ ಡಹಾಣೂ ನಿಲ್ದಾಣವನ್ನು ದಾಟಿಯೇ ಹೋಗುತ್ತಾರೆ. ಅಲ್ಲಿಯ ವಾರಲೀ ಮಕ್ಕಳು ಶಾಲೆಗೆ ಬರಲಿಲ್ಲ. ಬರದವರನ್ನು ಸೋಮಾರಿಗಳೆಂದು ಜರೆಯುವುದು ಸುಲಭವಿತ್ತು. ತಾರಾಬಾಯಿಯವರು ಹಾಗೆ ಮಾಡದೆ ಶಾಲೆಯನ್ನೇ ಅವರ ಅಂಗಳಕ್ಕೆ ಕೊಂಡೊಯ್ದರು. 'ಅಂಗಣವಾಡಿ' ಎಂಬುದು ಹೀಗೆ ಹುಟ್ಟಿತು. ದನ ಕಾಯುವ ಮಕ್ಕಳಿಗಾಗಿ ಹುಲ್ಲುಗಾವಲಿಗೇ ಶಾಲೆ ಹೋಯಿತು. ಮಗುವಿಗೆ ಮೀಯಿಸಿ ತಲೆ ಬಾಚುವುದು ಅಲ್ಲಿ ಪಾಠದ ಅಂಗವೇ ಆಗಿತ್ತು. ೧೯೭೫ರ ಅಕ್ಟೋಬರ್ ೨ರಂದು ಕೇಂದ್ರ ಸರಕಾರದ ಶಿಶು ಅಭಿವೃದ್ಧಿ ಯೋಜನೆ ಆರಂಭವಾದಾಗ ಅದರ ಕೇಂದ್ರಗಳಿಗೂ ಅಂಗನವಾಡಿಯೆಂದೇ ಹೆಸರಾಯಿತು. ಮಗು ಶಾಲೆಗೆ ಹೊಂದಿಕೊಳ್ಳಬೇಕೋ ಶಾಲೆ ಮಗುವಿಗೆ ಹೊಂದಿಕೊಳ್ಳಬೇಕೋ ಎಂಬ ಚರ್ಚೆಯಲ್ಲಿ ಆ ಗುಡ್ಡದ ಮೇಲಿನ ಇಬ್ಬರು ಹೆಂಗಸರು ಕೊಟ್ಟ ತೀರ್ಪು ಇದು.

ಚೆನ್ನೈ ವಾಸಿಗಳಿಗೆ ಒಂದು ಮಾತು. ಮಾಂಟೆಸ್ಸೊರಿಯವರು ೧೯೩೯ರಲ್ಲಿ ಸ್ವತಃ ಅಡ್ಯಾರಿಗೆ ಬಂದು ಶಿಕ್ಷಕರಿಗೆ ತರಬೇತಿ ನೀಡಿದರು. ಮಹಾಯುದ್ಧದ ಕಾರಣ ೧೯೪೬ರವರೆಗೆ ಈ ದೇಶದಲ್ಲಿಯೇ ಉಳಿಯಬೇಕಾಯಿತು. ಇಂದು ಬೀದಿಗೊಂದರಂತೆ ಅವರ ಹೆಸರಿನ ಫಲಕವಿದೆ. ಫಲಕವಿರುವ ಕೋಣೆಗಳಲ್ಲೆಲ್ಲ ಅವರ ಕ್ರಮವಿದೆಯೆಂದು ತಿಳಿಯಬೇಕಾಗಿಲ್ಲ.

ಈಗ ನಮ್ಮವೇ ಆದ ಮಕ್ಕಳ ಕಡೆಗೆ ಬರೋಣ. ಪರಪ್ರಾಂತದಲ್ಲಿ ಬೆಳೆಯುವ ಕನ್ನಡದ ಮಗುವಿಗೆ ತರಗತಿಯಲ್ಲಿ ಇತರರಿಗಿರುವ ಅಂಜಿಕೆಯ ಜೊತೆಗೆ ಇನ್ನೊಂದು ಅಂಜಿಕೆಯೂ ಸೇರಿರುತ್ತದೆ. ಮನೆಯಲ್ಲಿ ಅಜ್ಜಿಯೊಡನೆ ಅರಳು ಹುರಿದಂತೆ ಮಾತನಾಡುವ ಕೂಸು ಶಾಲೆಯಲ್ಲಿ ತಿಂಗಳುಗಟ್ಟಲೆ ತುಟಿ ಬಿಚ್ಚುವುದಿಲ್ಲ. ನೀರು ಬೇಕೆಂದು ಯಾವ ಭಾಷೆಯಲ್ಲಿ ಕೇಳಬೇಕೆಂಬುದು ಅದಕ್ಕೆ ತಿಳಿಯದು. ಬಚ್ಚಲಿಗೆ ಹೋಗಬೇಕೆಂದು ಹೇಳಲಾರದೆ ಕುಳಿತಲ್ಲಿಯೇ ಒದ್ದೆ ಮಾಡಿಕೊಂಡು ಇತರರ ನಗೆಗೆ ಗುರಿಯಾಗುತ್ತದೆ. ಶಿಕ್ಷಕಿ ಇದನ್ನು ಮಂದಬುದ್ಧಿಯೆಂದು ಬಗೆದು, ಮನೆಯಲ್ಲಿ ಇಂಗ್ಲಿಷಿನಲ್ಲಿಯೇ ಮಾತನಾಡಿ ಎಂದು ತಾಯಿಗೆ ಸಲಹೆ ಕೊಡುತ್ತಾಳೆ. ತಾಯಿ ಗಾಬರಿಯಿಂದ ಒಪ್ಪುತ್ತಾಳೆ. ಅಂದಿನಿಂದ ಅಜ್ಜಿಗೂ ಮೊಮ್ಮಗುವಿಗೂ ನಡುವೆ ಇದ್ದ ಸೇತುವೆಯ ಒಂದೊಂದೇ ಹಲಗೆ ಕಳಚತೊಡಗುತ್ತದೆ. ಡಬ್ಬಿಯಲ್ಲಿ ಮೊಸರನ್ನ ಕಂಡು ಮೂಗು ಮುಚ್ಚುವ ಗೆಳೆಯರು, ಹಣೆಯ ಅಂಗಾರ ಅಕ್ಷತೆಯನ್ನು 'ಅದೇನು ಮಸಿ' ಎಂದು ಕೇಳುವ ಬೆಂಚಿನ ಸಂಗಾತಿ ಇವೂ ಇದ್ದೇ ಇವೆ. ಮಗು ಬಾಗಿಲ ಬಳಿ ಹಣೆಯನ್ನು ಒರೆಸಿಕೊಂಡು ಒಳಗೆ ಹೋಗುತ್ತದೆ. ಮನೆಗೆ ಬಂದು ಅದನ್ನು ಹೇಳುವುದಿಲ್ಲ. ಧರ್ಮಲೋಪವಾಯಿತೆಂದು ಆ ಮಗುವನ್ನು ಗದರಿಸುವವರನ್ನು ಕಂಡಿದ್ದೇವೆ. ಲೋಪವಾದದ್ದು ಮಗುವಿನಿಂದಲ್ಲ. ತನ್ನ ಮನೆಯನ್ನು ಬಾಗಿಲಾಚೆ ಬಿಟ್ಟು ಬರಬೇಕೆಂದು ಐದು ವರ್ಷದ ಜೀವಕ್ಕೆ ಅನಿಸುವಂತೆ ಮಾಡಿದ ಕೋಣೆಯಿಂದ.

೨೦೨೦ರ ರಾಷ್ಟ್ರೀಯ ಶಿಕ್ಷಣ ನೀತಿಯು ಸಾಧ್ಯವಿರುವಲ್ಲೆಲ್ಲ ಕನಿಷ್ಠ ಐದನೆಯ ತರಗತಿಯವರೆಗೆ ಮನೆಮಾತಿನಲ್ಲಿ ಬೋಧಿಸಬೇಕೆನ್ನುತ್ತದೆ. ಮರಾಠಿ, ತೆಲುಗು, ಕನ್ನಡ, ಮಾರವಾಡಿ ಮಕ್ಕಳು ಒಟ್ಟಿಗೆ ಕುಳಿತ ಪುಣೆಯ ತರಗತಿಯಲ್ಲಿ ಅದು ಹೇಗೆ ಸಾಧ್ಯವೆಂದು ಕೇಳಿದರೆ ಆ ಮಾತು ನ್ಯಾಯವೇ. ಆದರೆ ಕನ್ನಡದಲ್ಲಿ ಕಲಿಸುವುದು ಬೇರೆ, ಕನ್ನಡವನ್ನು ಅವಮಾನಿಸದಿರುವುದು ಬೇರೆ. ಶಿಕ್ಷಕಿಯು ಮಗುವಿನ ಹೆಸರನ್ನು ಸರಿಯಾಗಿ ಉಚ್ಚರಿಸಲು ಒಂದು ದಿನ ಪ್ರಯತ್ನಿಸಿದರೆ, ನೀರಿಗೂ ಊಟಕ್ಕೂ ನಿಮ್ಮ ಮನೆಯಲ್ಲಿ ಏನೆನ್ನುತ್ತೀರಿ ಎಂದು ನಾಲ್ಕು ಮಕ್ಕಳನ್ನು ಕೇಳಿ ನಾಲ್ಕು ಮಾತನ್ನೂ ಹಲಗೆಯ ಮೇಲೆ ಬರೆದರೆ, ಅದಕ್ಕೆ ಯಾವ ಖರ್ಚೂ ಇಲ್ಲ, ಯಾವ ಇಲಾಖೆಯ ಅಪ್ಪಣೆಯೂ ಬೇಡ.

ಇಲ್ಲಿ ತತ್ತ್ವದ ಮಾತೊಂದನ್ನು ಹೇಳದೆ ಮುಂದುವರಿಯಲಾಗದು. ಜೀವಜೀವರಿಗೆ ಭೇದವುಂಟೆಂದು ಒಪ್ಪಿದವರು ನಾವು. ಒಂದು ಜೀವದಂತೆ ಇನ್ನೊಂದಿಲ್ಲ. ಪ್ರತಿಯೊಂದಕ್ಕೂ ತನ್ನದೇ ಆದ ಸ್ವರೂಪ, ತನ್ನದೇ ಆದ ಯೋಗ್ಯತೆ. ಹೀಗೆ ನಂಬಿದವರು ಐವತ್ತು ಮಕ್ಕಳನ್ನು ಒಂದೇ ಅಚ್ಚಿನಲ್ಲಿ ಒತ್ತುವ ತರಗತಿಯನ್ನು ಕಂಡು ಎಲ್ಲರಿಗಿಂತ ಮೊದಲು ಅಸಮಾಧಾನಪಡಬೇಕಾಗಿತ್ತು. ಸುಮಧ್ವವಿಜಯದಲ್ಲಿ ಬಾಲಕ ವಾಸುದೇವನು ತಂದೆಯನ್ನು, ನಿನ್ನೆ ಬರೆದ ಅಕ್ಷರಗಳನ್ನೇ ಇಂದೂ ಏಕೆ ಬರೆಯುವುದೆಂದು ಕೇಳುವ ಪ್ರಸಂಗವಿದೆ. ತಂದೆ ಅದನ್ನು ಉದ್ಧಟತನವೆಂದು ಬಗೆಯಲಿಲ್ಲ. ಮಗನಿಗೆ ದೃಷ್ಟಿ ತಾಕೀತೆಂದು ಅಂಜಿ ಏಕಾಂತದಲ್ಲಿ ಕುಳಿತು ಅವನ ವೇಗಕ್ಕೆ ತಕ್ಕಂತೆ ಕಲಿಸಿದರು. ಅದೇ ಪ್ರಶ್ನೆಯನ್ನು ಇಂದು ಒಂದು ಮಗು ಕೇಳಿದರೆ ಅದರ ದಿನಚರಿ ಪುಸ್ತಕದಲ್ಲಿ ಕೆಂಪು ಶಾಯಿಯ ಟಿಪ್ಪಣಿ ಬಂದೀತು. ಕೆಲವರು ಪ್ರತಿಯಾಗಿ ತಾರತಮ್ಯವನ್ನು ಮುಂದಿಡುತ್ತಾರೆ. ತಾರತಮ್ಯವಿರುವಾಗ ಮೊದಲನೆಯವನು, ಕಡೆಯವನು ಎಂದು ಎಣಿಸುವುದರಲ್ಲಿ ತಪ್ಪೇನು ಎನ್ನುತ್ತಾರೆ. ತಾರತಮ್ಯವನ್ನು ಸಂಪೂರ್ಣವಾಗಿ ಬಲ್ಲವನು ಸರ್ವಜ್ಞನಾದ ಭಗವಂತನು; ಒಂದನೆಯ ಇಯತ್ತೆಯ ಅಂಕಪಟ್ಟಿಯಲ್ಲ. ಆರು ವರ್ಷಕ್ಕೆ ಯಾವ ಜೀವದ ಯೋಗ್ಯತೆಯನ್ನು ಯಾರು ಅಳೆದಾರು?

ಮಕ್ಕಳಿಗೆ ಗುರುಹಿರಿಯರಲ್ಲಿ ಭಯಭಕ್ತಿ ಬೇಡವೆ ಎಂಬ ಆಕ್ಷೇಪವೂ ಬರುತ್ತದೆ. ಬೇಕು. ಆದರೆ ಆ ಜೋಡುಮಾತಿನಲ್ಲಿ ಭಯವೇ ಮೊದಲು ನಿಂತದ್ದರಿಂದ ಭಕ್ತಿಯೂ ಒಂದು ಬಗೆಯ ಭಯವೆಂದು ನಾವು ಬಗೆದಂತಿದೆ. ಆಚಾರ್ಯರು ಭಕ್ತಿಯನ್ನು ಲಕ್ಷಣೀಕರಿಸುವಾಗ, ಮಹಿಮೆಯ ಅರಿವು ಮೊದಲಾಗಿರುವ, ಎಲ್ಲಕ್ಕಿಂತ ಮಿಗಿಲಾದ, ದೃಢವಾದ ಸ್ನೇಹ ಎಂದಿದ್ದಾರೆ. ಅರಿವು ಮತ್ತು ಸ್ನೇಹ. ಅಂಜಿಕೆಗೆ ಅಲ್ಲಿ ಎಡೆಯಿಲ್ಲ. ದೇವರ ವಿಷಯದಲ್ಲಿಯೇ ಹೀಗಿರುವಾಗ ಮೇಷ್ಟರ ವಿಷಯದಲ್ಲಿ ಹೆಚ್ಚಿನದನ್ನು ಬೇಡುವುದು ಅತಿಯಾಯಿತು. ಹಾಗೆಂದು ಮಗು ಹೇಳಿದ್ದಕ್ಕೆಲ್ಲ ತಲೆದೂಗುವುದನ್ನೂ ನಾವು ಸಮರ್ಥಿಸಲಾರೆವು. ಇತರ ಮಗುವನ್ನು ಕಚ್ಚುವ ಮಗುವಿನ ಕೈ ಹಿಡಿದು ನಿಲ್ಲಿಸಬೇಕು. ಬೇಡ ಎಂಬ ಮಾತನ್ನು ಒಮ್ಮೆ ಹೇಳಿದ ಮೇಲೆ ಹಿಂದೆಗೆಯಬಾರದು. ನಗರದ ಎಷ್ಟೋ ಮನೆಗಳಲ್ಲಿ ಹೊಡೆಯುವುದನ್ನು ಬಿಟ್ಟವರು ನಿಲ್ಲಿಸುವುದನ್ನೂ ಬಿಟ್ಟಿದ್ದಾರೆ, ಅದರ ಫಲವನ್ನು ಶಿಕ್ಷಕಿಯರು ಉಣ್ಣುತ್ತಿದ್ದಾರೆ. ತಡೆಯುವ ಕೈ ಬೇರೆ, ಹೊಡೆಯುವ ಕೈ ಬೇರೆ. ಮಗುವಿಗೆ ಈ ವ್ಯತ್ಯಾಸ ನಮಗಿಂತ ಚೆನ್ನಾಗಿ ತಿಳಿಯುತ್ತದೆ.

ಕಾನೂನಿನ ಮಾತನ್ನು ಸಂಕ್ಷೇಪವಾಗಿ ಹೇಳುವುದಾದರೆ, ೧೯೯೩ರಲ್ಲಿ ಯಶಪಾಲ್ ಸಮಿತಿಯು ನರ್ಸರಿ ಪ್ರವೇಶಕ್ಕೆ ಪರೀಕ್ಷೆ, ಸಂದರ್ಶನಗಳನ್ನು ನಿಲ್ಲಿಸಬೇಕೆಂದಿತು; ೨೦೦೦ದ ಡಿಸೆಂಬರಿನಲ್ಲಿ ದೆಹಲಿಯ ಉಚ್ಚ ನ್ಯಾಯಾಲಯವು ಅಲ್ಲಿಯ ಶಾಲೆಗಳ ನಿಯಮಾವಳಿಯಲ್ಲಿದ್ದ ದೈಹಿಕ ಶಿಕ್ಷೆಯ ಅವಕಾಶವನ್ನು ರದ್ದುಗೊಳಿಸಿತು; ೨೦೦೯ರ ಶಿಕ್ಷಣ ಹಕ್ಕು ಕಾಯಿದೆಯ ೧೭ನೆಯ ವಿಧಿಯು ದೈಹಿಕ ಶಿಕ್ಷೆಯೊಡನೆ ಮಾನಸಿಕ ಕಿರುಕುಳವನ್ನೂ ನಿಷೇಧಿಸಿತು. ಆದರೆ ಆ ಕಾಯಿದೆಯಲ್ಲಿ ಮಗು ಎಂದರೆ ಆರರಿಂದ ಹದಿನಾಲ್ಕು ವರ್ಷದವರು. ಅತ್ಯಂತ ಎಳೆಯರು, ಬಂದು ಹೇಳಲು ಮಾತೂ ಬಾರದವರು, ಆ ವ್ಯಾಖ್ಯೆಯ ಹೊರಗೇ ಉಳಿದರು. ಅವರಿಗೆ ಕಾಯಿದೆಯ ಬದಲು ತಾಯಿತಂದೆಗಳ ಕಣ್ಣೇ ಕಾವಲು.

ಶಿಕ್ಷಕಿಯರನ್ನು ದೂರುವುದೂ ಅಷ್ಟೇ ಅನ್ಯಾಯ. ಕಿಕ್ಕಿರಿದ ಕೋಣೆ, ಅಲ್ಪ ಸಂಬಳ, ಮೇಲಿಂದ ಆಡಳಿತ ಮಂಡಲಿಯ ಕಣ್ಣು, ಕೆಳಗಿಂದ ಪಾಲಕರ ದೂರು. ಮಗು ಇನ್ನೂ ಬರೆಯುವುದಿಲ್ಲವೇಕೆ, ಮನೆಗೆಲಸ ಕೊಡುವುದಿಲ್ಲವೇಕೆ, ಎರಡು ಬಿಗಿದಾದರೂ ಕಲಿಸಿ ಎಂದು ಬೇಡುವವರು ಪಾಲಕರೇ. ತಾನೇ ಅಂಜಿಕೊಂಡಿರುವವಳು ಇತರರ ಅಂಜಿಕೆಯನ್ನು ಹೇಗೆ ಬಿಡಿಸಿಯಾಳು? ಗುರುಶಿಷ್ಯರಿಬ್ಬರೂ ಕೂಡಿ ಹೇಳುವ ತೈತ್ತಿರೀಯದ ಶಾಂತಿಪಾಠವನ್ನು ನೆನೆಯಿರಿ. ಇಬ್ಬರಿಗೂ ರಕ್ಷಣೆಯನ್ನು ಬೇಡಿ, ನಮ್ಮಿಬ್ಬರಲ್ಲಿ ದ್ವೇಷ ಹುಟ್ಟದಿರಲಿ ಎಂದು ಅದು ಕೇಳಿಕೊಳ್ಳುತ್ತದೆ. ಪಾಠದ ನಡುವೆ ದ್ವೇಷ ಹುಟ್ಟಬಹುದೆಂಬುದನ್ನು ಋಷಿಗಳು ಬಲ್ಲವರಾಗಿದ್ದರು.

ರವಿವಾರಗಳಂದು ನಡೆಯುವ ಬಾಲವರ್ಗಗಳಿಗೂ ಇದೆಲ್ಲ ಅನ್ವಯಿಸುತ್ತದೆ. ವಾರದ ಐದಾರು ದಿನ ಶಾಲೆಯಲ್ಲಿ ಕಟ್ಟಿಹಾಕಿಸಿಕೊಂಡ ಮಗುವನ್ನು ಏಳನೆಯ ದಿನ ಎರಡು ತಾಸು ಚಕ್ಕಂಬಕ್ಕಳ ಹಾಕಿ ಕೂರಿಸಿ, ಅರ್ಥ ತಿಳಿಸದೆ ಸ್ತೋತ್ರವನ್ನು ಒಪ್ಪಿಸೆಂದರೆ, ತಪ್ಪಿದಾಗ ಎಲ್ಲರೆದುರು ತಿದ್ದಿದರೆ, ಆ ಮಗು ದೊಡ್ಡದಾದ ಮೇಲೆ ಸ್ತೋತ್ರದೊಡನೆ ಆ ಮುಜುಗರವನ್ನೂ ನೆನೆಯುತ್ತದೆ. ಕೆಲವು ಕಡೆ ಈಚೆಗೆ ಮೊದಲ ಅರ್ಧ ತಾಸನ್ನು ಕಥೆಗೆ ಬಿಟ್ಟಿದ್ದಾರೆ. ಹೂ ಕಟ್ಟುವುದು, ತುಲಸಿ ಬಿಡಿಸುವುದು, ರಂಗವಲ್ಲಿ ಹಾಕುವುದು, ಎಲೆ ಹಾಕುವುದು ಮುಂತಾದ ಕೈಗೆಲಸವನ್ನು ಮಕ್ಕಳಿಗೇ ಒಪ್ಪಿಸಿದ್ದಾರೆ. ಅಂತಹ ಕಡೆಗಳಲ್ಲಿ ಮಕ್ಕಳು ಮನೆಗೆ ಹೊರಡಲು ಒಪ್ಪುವುದಿಲ್ಲವೆಂಬ ದೂರು ಬರುತ್ತಿದೆ.

ಶಾಲೆಯನ್ನು ಆರಿಸಲು ಹೊರಟವರಿಗೆ ಒಂದೆರಡು ಸೂಚನೆಗಳು. ಸ್ವಾಗತ ಕೋಣೆಯ ಪದಕ, ಢಾಲುಗಳನ್ನು ನೋಡುತ್ತ ನಿಲ್ಲಬ್ಯಾಡಿರಿ ಎಂದು ಧಾರವಾಡದ ಕಡೆಯ ಹಿರಿಯ ಶಿಕ್ಷಕಿಯೊಬ್ಬರು ಹೇಳುತ್ತಿದ್ದರು. ಎಳೆಯರ ಕೋಣೆಗೆ ಹೋಗಿ ಗೋಡೆಯ ಮೇಲಿನ ಚಿತ್ರಗಳು ಯಾರ ಕಣ್ಣಿನ ಎತ್ತರದಲ್ಲಿವೆ, ಮಕ್ಕಳದೋ ಪಾಲಕರದೋ, ಎಂಬುದನ್ನು ನೋಡಬೇಕು. ಎಲ್ಲ ಚಿತ್ರಗಳೂ ಒಂದೇ ತೆರನಾಗಿದ್ದರೆ ಬಣ್ಣ ತುಂಬಿದವರು ಮಕ್ಕಳಲ್ಲವೆಂದು ತಿಳಿಯಬೇಕು. ಶಿಕ್ಷಕಿ ಮಗುವಿನೊಡನೆ ಮಾತನಾಡುವಾಗ ಬಾಗುತ್ತಾಳೆಯೋ ನಿಂತೇ ಇರುತ್ತಾಳೆಯೋ ಎಂಬುದನ್ನು ಗಮನಿಸಬೇಕು. ಒಳಗೆ ಬಿಡುವುದಿಲ್ಲವೆಂದು ಶಾಲೆಯವರು ಹೇಳಿದರೆ, ಬಿಡುವ ವೇಳೆಗೆ ಗೇಟಿನ ಬಳಿ ಹತ್ತು ನಿಮಿಷ ನಿಂತರಾಯಿತು. ಎಳೆಯರನ್ನೇ ಮೊದಲು ಹೊರಗೆ ಬಿಡುತ್ತಾರೆ. ಅವರ ಮುಖಗಳು ಹತ್ತಿರದಿಂದಲೇ ಕಾಣುತ್ತವೆ.